ಕಾಗದದ ಮೇಲೆ ಎನ್‌ಆರ್‌ಸಿ, ಲೈಸೆನ್ಸ್ ಮಾತ್ರ ರಾಜ್ಯದ್ದು

ನ್ಯೂಜೆರ್ಸಿಯಲ್ಲಿ ಮಣ್ಣು ಪರೀಕ್ಷೆ ಮಾಡುವ ಒಂದು ಕಂಪನಿಯಲ್ಲಿ ನಾನು ಆರ್‌ಎಸ್‌ಒ, ಅಂದರೆ ರೇಡಿಯೇಷನ್ ಸೇಫ್ಟಿ ಆಫೀಸರ್. ಹೆಸರು ಕೇಳಿ ರಿಯಾಕ್ಟರ್ ಕಾಯುವವನು ಅಂದುಕೊಳ್ಳಬೇಡಿ. ನಾನು ಕಾಯುವುದು ಹಳದಿ ಪೆಟ್ಟಿಗೆಯಲ್ಲಿರುವ ಡೆನ್ಸಿಟಿ ಗೇಜ್‌ಗಳನ್ನು. ರಸ್ತೆಗೋ ಅಡಿಪಾಯಕ್ಕೋ ತುಂಬಿದ ಮಣ್ಣು ಸಾಕಷ್ಟು ಗಟ್ಟಿಯಾಗಿದೆಯಾ ಅಂತ ನೋಡುವ ಯಂತ್ರ ಅದು. ಒಳಗೆ 8 ಮಿಲಿಕ್ಯೂರಿ ಸೀಸಿಯಂ-137, 40 ಮಿಲಿಕ್ಯೂರಿ ಅಮೆರಿಸಿಯಂ-ಬೆರಿಲಿಯಂ. ರಾಡ್ ತುದಿಯಲ್ಲಿ ಮಣ್ಣಿಗೆ ಇಳಿಯುವ ಮೊದಲನೆಯದು ಸಾಂದ್ರತೆ ಹೇಳುತ್ತೆ, ಎರಡನೆಯದು ತೇವ ಹೇಳುತ್ತೆ. ಅಷ್ಟಕ್ಕೇ ಲೈಸೆನ್ಸ್ ಬೇಕು, ವಿಕಿರಣ ಅಳೆಯುವ ಬ್ಯಾಡ್ಜ್ ಬೇಕು, ಆರು ತಿಂಗಳಿಗೊಮ್ಮೆ ಲೀಕ್ ಟೆಸ್ಟ್ ಬೇಕು, ಪಿಕಪ್ಪಿನಲ್ಲಿ ಇಟ್ಟು ಹೊರಟರೆ ಎರಡು ಬೇರೆ ಬೇರೆ ಬೀಗ ಬೇಕು.

2009ರ ಸೆಪ್ಟೆಂಬರ್ 30ರ ತನಕ ನಮಗೆ ಯಜಮಾನರು ಒಬ್ಬರೇ. ಎನ್‌ಆರ್‌ಸಿ. ಊರಿನವರು ಇದನ್ನು ಓದಿ ಬೇರೇನೋ ನೆನೆಯಬೇಡಿ, ಇದು ನ್ಯೂಕ್ಲಿಯರ್ ರೆಗ್ಯುಲೇಟರಿ ಕಮಿಷನ್, ಅಮೆರಿಕದ ಕೇಂದ್ರ ಸರ್ಕಾರದ ಪರಮಾಣು ನಿಯಂತ್ರಣ ಆಯೋಗ. ಆ ದಿನ ನ್ಯೂಜೆರ್ಸಿ 37ನೇ ಅಗ್ರಿಮೆಂಟ್ ಸ್ಟೇಟ್ ಆಯ್ತು, ಅಂದರೆ ಈ ಲೈಸೆನ್ಸ್ ಕೊಡುವ ಅಧಿಕಾರವನ್ನು ಒಪ್ಪಂದದ ಮೇಲೆ ತಾನೇ ವಹಿಸಿಕೊಂಡ ರಾಜ್ಯ. ಸುಮಾರು 500 ಲೈಸೆನ್ಸ್‌ಗಳು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕೈಯಿಂದ ಟ್ರೆಂಟನ್‌ನ ರಾಜ್ಯ ಪರಿಸರ ಇಲಾಖೆ ಕೈಗೆ ಹೋದವು. ಇದಕ್ಕೆ ದಾರಿ ಮಾಡಿದ್ದು 1959ರಲ್ಲಿ ಅಟಾಮಿಕ್ ಎನರ್ಜಿ ಆಕ್ಟ್‌ಗೆ ಸೇರಿಸಿದ 274ನೇ ಸೆಕ್ಷನ್. ಕೆಂಟಕಿ 1962ರಲ್ಲೇ ಎಲ್ಲರಿಗಿಂತ ಮೊದಲು ಅಧಿಕಾರ ತಗೊಂಡಿತ್ತು. ಗವರ್ನರ್ ಕೇಳಬೇಕು, ರಾಜ್ಯದ ನಿಯಮ ಮತ್ತು ಸಿಬ್ಬಂದಿ ಸಾಕಷ್ಟಿವೆ ಅಂತ ಎನ್‌ಆರ್‌ಸಿಗೆ ಒಪ್ಪಿಗೆಯಾಗಬೇಕು, ಆಮೇಲೆ ಎರಡೂ ಕಡೆಯವರು ಸಹಿ ಹಾಕಬೇಕು. ಕೊಟ್ಟ ಅಧಿಕಾರ ಶಾಶ್ವತ ಏನಲ್ಲ. ರಾಜ್ಯ ಸರಿಯಾಗಿ ನಡೆಸದಿದ್ದರೆ ಎನ್‌ಆರ್‌ಸಿ ವಾಪಸ್ ತಗೋಬಹುದು. ಐಡಾಹೊ 1991ರಲ್ಲಿ ತಾನಾಗಿಯೇ ವಾಪಸ್ ಕೊಟ್ಟಿತು.

ಊರಲ್ಲಿ ಇದೇ ಕೆಲಸ ಮಾಡುವ ಗೆಳೆಯನಿಗೆ ಇದನ್ನೆಲ್ಲ ಹೇಳಿದರೆ ನಗುತ್ತಾನೆ. ಅಲ್ಲಿ ಬೀದರ್‌ನಲ್ಲಿ ಗೇಜ್ ಇಟ್ಟರೂ ಚಾಮರಾಜನಗರದಲ್ಲಿ ಇಟ್ಟರೂ ಮುಂಬೈನಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಎಇಆರ್‌ಬಿಯನ್ನೇ ಕೇಳಬೇಕು. ಬೆಂಗಳೂರಿನ ವಿಧಾನಸೌಧಕ್ಕೂ ಆ ಲೈಸೆನ್ಸಿಗೂ ಸಂಬಂಧವೇ ಇಲ್ಲ. "ಒಬ್ಬರ ಕಾಟ ಸಾಲದು ಅಂತ ಇನ್ನೊಬ್ಬರನ್ನ ಯಾಕೆ ಕರ್ಕೊಂಡ್ರಿ?" ಅಂತ ಅವನ ಪ್ರಶ್ನೆ.

ನಿಜ ಹೇಳಬೇಕು ಅಂದ್ರೆ ಬದಲಾವಣೆ ಆದ ವಾರ ಏನೂ ಆಗಲಿಲ್ಲ. ಗೋಡೆ ಮೇಲಿದ್ದ ಎನ್‌ಆರ್‌ಸಿ ಫಾರ್ಮ್ 3 ಕಿತ್ತು ರಾಜ್ಯದ ನೋಟಿಸ್ ಅಂಟಿಸಿದೆ. ತುರ್ತು ಫೋನ್ ನಂಬರ್‌ಗಳನ್ನು ಬದಲಿಸಿದೆ. ಗೇಜ್ ಕಳೆದುಹೋದರೆ ಇನ್ನು ಮೇಲೆ ಮೊದಲು ರಾಜ್ಯಕ್ಕೆ ಹೇಳಬೇಕು ಅಂತ ಟೆಕ್ನಿಷಿಯನ್‌ಗಳಿಗೆ ಪಾಠ ಮಾಡಿದೆ. ಅವರು ಡೋನಟ್ ತಿಂದು ಸಹಿ ಹಾಕಿ ಹೋದರು. ಲೈಸೆನ್ಸ್ ಕಾಗದ ಮಾತ್ರ ಹಳೆಯದೇ. ರಾಜ್ಯದವರು ಒಂದೊಂದಾಗಿ ಹೊಸದು ಬರೆದು ಕೊಡುವ ತನಕ ಹಳೆಯದೇ ರಾಜ್ಯದ ಲೈಸೆನ್ಸ್ ಅಂತ ಲೆಕ್ಕ. ಅಂದರೆ ತಲೆಬರಹದಲ್ಲಿ ದಪ್ಪಕ್ಷರದಲ್ಲಿ ಎನ್‌ಆರ್‌ಸಿ ಅಂತಿರುವ, ಆದರೆ ಎನ್‌ಆರ್‌ಸಿ ಲೈಸೆನ್ಸ್ ಅಲ್ಲದ ಒಂದು ಕಾಗದ. ಇದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ನನ್ನ ಲಕ್ಷ್ಯವೆಲ್ಲ ಡೆಲವೇರ್ ಮೇಲಿತ್ತು. ಮುಂಚೆ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಡೆಲವೇರ್ ಮೂರರಲ್ಲೂ ಒಂದೇ ಎನ್‌ಆರ್‌ಸಿ ಲೈಸೆನ್ಸ್ ಇಟ್ಟುಕೊಂಡು ಓಡಾಡುತ್ತಿದ್ದೆವು. 2008ರಲ್ಲಿ ಪೆನ್ಸಿಲ್ವೇನಿಯಾ ಅಗ್ರಿಮೆಂಟ್ ಸ್ಟೇಟ್ ಆಗಿ ಹೊರಗೆ ಹೋಯ್ತು. ಈಗ ನಾವೂ ಆದೆವು. ಡೆಲವೇರ್ ಎನ್‌ಆರ್‌ಸಿ ಕೆಳಗೇ ಉಳಿಯಿತು. ಹಾಗಾಗಿ ಸೇತುವೆ ದಾಟಿ ಡೆಲವೇರ್‌ನಲ್ಲಿ ಗೇಜ್ ತೆರೆಯಬೇಕಾದರೆ ರೆಸಿಪ್ರಾಸಿಟಿ ಬೇಕು, ಅಂದರೆ ನಮ್ಮ ರಾಜ್ಯದ ಲೈಸೆನ್ಸನ್ನು ಅಲ್ಲೂ ನಡೆಸಲು ಎನ್‌ಆರ್‌ಸಿ ಒಪ್ಪಿಗೆ. ಕನಿಷ್ಠ ಮೂರು ದಿನ ಮುಂಚೆ ಫಾರ್ಮ್ 241, ಜೊತೆಗೆ ಲೈಸೆನ್ಸ್ ಪ್ರತಿ, ಫೀಸು. ಆಮೇಲೂ ವರ್ಷಕ್ಕೆ 180 ದಿನ ಮಾತ್ರ. ನಿನ್ನೆ ತನಕ ನಮ್ಮದೇ ಲೈಸೆನ್ಸಿನಲ್ಲಿ ಕೆಲಸ ಮಾಡಿದ ಜಾಗಕ್ಕೆ ಇವತ್ತು ಅತಿಥಿಗಳ ಹಾಗೆ ಹೇಳಿ ಕೇಳಿ ಹೋಗಬೇಕು. ಎಡವುವುದಾದರೆ ಇಲ್ಲೇ ಎಡವುತ್ತೇವೆ ಅಂತ ನನಗೆ ಖಾತ್ರಿಯಾಗಿತ್ತು. ದೊಡ್ಡ ಪಟ್ಟಿ ಮಾಡಿ, ಡಿಸ್ಪ್ಯಾಚ್‌ನವರ ಮೇಜಿನ ಮೇಲೆ ಅಂಟಿಸಿ, ಡೆಲವೇರ್ ಅಂತ ಕೆಂಪಲ್ಲಿ ಬರೆದು ಬಂದಿದ್ದೆ.

ಎಡವಿದ್ದು ಮಾತ್ರ ನಮ್ಮದೇ ರಾಜ್ಯದ ನಟ್ಟನಡುವೆ.

ಅದೇ ಶರತ್ಕಾಲ. ರಾಜ್ಯದೊಳಗಿನ ಒಂದು ಫೆಡರಲ್ ಜಾಗದಲ್ಲಿ ಹೊಸ ಕಟ್ಟಡಕ್ಕೆ ಮಣ್ಣು ತುಂಬುವ ಕೆಲಸ. ಜಾಗದ ಹೆಸರು ಬೇಡ. ಬೇಲಿ, ಗೇಟು, ಬಂದೂಕು ಹಿಡಿದ ಕಾವಲು, ಅಷ್ಟು ಹೇಳಿದರೆ ಸಾಕು. ನಮ್ಮ ಡಿಸ್ಪ್ಯಾಚ್ ಸಾಫ್ಟ್‌ವೇರ್‌ನಲ್ಲಿ ಪಿನ್‌ಕೋಡ್ ಹಾಕಿದರೆ ರಾಜ್ಯದ ಹೆಸರು ತಾನಾಗಿ ತುಂಬಿಕೊಳ್ಳುತ್ತೆ. ಅದು ನ್ಯೂಜೆರ್ಸಿ ಅಂದಿತು, ಪಕ್ಕದಲ್ಲಿ ಹಸಿರು ಟಿಕ್ ಬಂತು. ಆ ಹಸಿರು ಟಿಕ್ ನೋಡಿದ ಮೇಲೆ ಪ್ರಾಜೆಕ್ಟ್ ಮ್ಯಾನೇಜರ್ ಇನ್ನೇನನ್ನೂ ನೋಡುವವರಲ್ಲ.

ಬೆಳಗ್ಗೆ ನಮ್ಮ ಹಿರಿಯ ಟೆಕ್ನಿಷಿಯನ್ ಸ್ಟ್ಯಾಂಡರ್ಡ್ ಕೌಂಟ್ (ಗೇಜ್ ಸರಿಯಿದೆಯಾ ಅಂತ ನೋಡುವ ಅಳತೆ) ತಗೊಂಡು, ಮೊದಲ ಲಿಫ್ಟ್, ಅಂದರೆ ತುಂಬಿದ ಮಣ್ಣಿನ ಮೊದಲ ಪದರ, ಟೆಸ್ಟ್ ಮಾಡಿ ಮುಗಿಸಿದ. ಎಲ್ಲ ಕಡೆ ಲ್ಯಾಬ್‌ನ ಪ್ರಾಕ್ಟರ್ ಟೆಸ್ಟ್ ಕೊಟ್ಟ ಗರಿಷ್ಠ ಸಾಂದ್ರತೆಯ 95 ಶೇಕಡಾಕ್ಕಿಂತ ಮೇಲೆ. ಎರಡನೇ ಲಿಫ್ಟ್ ಮೇಲೆ ರೋಲರ್ ಓಡುತ್ತಿದ್ದಾಗ ಆ ಜಾಗದ ಸೇಫ್ಟಿಯವರು ಬಂದು ಲೈಸೆನ್ಸ್ ಕೇಳಿದರು. ಇವನು ಕಾಗದ ತೋರಿಸಿದ. ಮೇಲೆ ಎನ್‌ಆರ್‌ಸಿ ಅಂತ ಇದೆಯಲ್ಲ, ಧೈರ್ಯವಾಗಿಯೇ ತೋರಿಸಿದ. ಅವರು ಓದಿ, ತಾರೀಖು ನೋಡಿ, "ಇದು ಈಗ ರಾಜ್ಯದ ಲೈಸೆನ್ಸ್. ಈ ನೆಲದ ಮೇಲೆ ರಾಜ್ಯದ ಅಧಿಕಾರ ನಡೆಯಲ್ಲ" ಅಂದರಂತೆ.

ಟೆಕ್ನಿಷಿಯನ್ ನನಗೆ ಫೋನ್ ಮಾಡಿದ. ಒಂದು ನಿಮಿಷದ ಹಿಂದೆಯೇ ಪ್ರಾಜೆಕ್ಟ್ ಮ್ಯಾನೇಜರ್ ನನ್ನ ಬಾಗಿಲಲ್ಲಿ ನಿಂತಿದ್ದರು. ಗುತ್ತಿಗೆದಾರರು ಅವರಿಗೆ ಆಗಲೇ ಕೂಗಾಡಿ ಆಗಿತ್ತು.

"ಅದೇ ಕಾಗದ, ಅದೇ ನಂಬರ್, ಅದೇ ಯಂತ್ರ, ಅದೇ ಮನುಷ್ಯ," ಅಂದರು ಮ್ಯಾನೇಜರ್. "ಕಳೆದ ತಿಂಗಳು ಸರಿ ಇದ್ದದ್ದು ಈ ತಿಂಗಳು ಹೇಗೆ ತಪ್ಪಾಗುತ್ತೆ? ಎರಡನೇ ಲಿಫ್ಟ್ ಮುಗಿಸೋಕೆ ಹೇಳಿ. ಆಮೇಲೆ ಮಾತಾಡೋಣ."

ಅವರ ಮಾತಿನಲ್ಲಿ ಹುರುಳಿಲ್ಲ ಅಂತ ಹೇಳೋಕೆ ಆಗಲ್ಲ. ಸೀಸಿಯಂಗೆ ಗವರ್ನರ್ ಯಾರು ಅಂತ ಗೊತ್ತಿಲ್ಲ. ಅಪಾಯ ಒಂದು ಚೂರೂ ಜಾಸ್ತಿ ಆಗಿರಲಿಲ್ಲ. ಫೋನಿನಲ್ಲಿ ರೋಲರ್ ಸದ್ದು ಕೇಳಿಸುತ್ತಿತ್ತು. ಆಮೇಲೆ ಅದೂ ನಿಂತಿತು. ನಿಂತ ರೋಲರ್‌ಗೂ ಗಂಟೆಗೆ ಬಾಡಿಗೆ ಓಡುತ್ತೆ ಅಲ್ವಾ? ಆ ಕಡೆಯಿಂದ ಟೆಕ್ನಿಷಿಯನ್ ಕೇಳಿದ: "ಬಾಸ್, ರಾಡ್ ಇಳಿಸ್ಲಾ, ಬೇಡ್ವಾ?"

ಮೊದಲ ಲಿಫ್ಟ್ ಹೋಯ್ತು, ಅದು ಗೊತ್ತಿಲ್ಲದೆ ಮಾಡಿದ್ದು. ಎರಡನೆಯದು ಕೇಳಿದ ಮೇಲೆ ಮಾಡಿದ್ದಾಗುತ್ತೆ. ಇನ್‌ಸ್ಪೆಕ್ಷನ್ ರಿಪೋರ್ಟ್‌ನಲ್ಲಿ ಈ ಎರಡರ ಮಧ್ಯೆ ಆನೆಯಷ್ಟು ಅಂತರ. ಬೇಡ ಅಂದೆ. ಸೋರ್ಸ್ ರಾಡ್ ಸೇಫ್ ಪೊಸಿಷನ್‌ನಲ್ಲಿ, ಹ್ಯಾಂಡಲ್‌ಗೆ ಬೀಗ, ಪೆಟ್ಟಿಗೆ ಮುಚ್ಚು, ಎರಡೂ ಸರಪಳಿ ಹಾಕು, ಗಾಡಿ ಬಿಟ್ಟು ಕದಲಬೇಡ. ಮ್ಯಾನೇಜರ್ ನನ್ನ ಮುಖ ನೋಡಿ ಏನೂ ಹೇಳದೆ ಹೋದರು. ಅವರು ಬೈದಿದ್ದರೇ ಚೆನ್ನಾಗಿತ್ತು.

ನಂತರ ಪೆನ್ಸಿಲ್ವೇನಿಯಾದ ಕಿಂಗ್ ಆಫ್ ಪ್ರಷ್ಯಾ ಊರಿಗೆ ಫೋನ್. ಎನ್‌ಆರ್‌ಸಿಯ ರೀಜನ್ 1 ಕಚೇರಿ ಇರುವುದು ಅಲ್ಲೇ. ಮೂರು ದಿನ ಮುಂಚೆ ಅರ್ಜಿ ಕೊಡಲು ಆಗದೇ ಹೋದರೆ ಆ ಷರತ್ತು ಬಿಡುವ ಅವಕಾಶ ನಿಯಮದಲ್ಲೇ ಇದೆ. ಫೋನಿನಲ್ಲಿ ಹೇಳಿ ಒಪ್ಪಿಗೆ ತಗೊಂಡು, ಮೂರು ದಿನದೊಳಗೆ ಫಾರ್ಮ್ ಕಳಿಸಬೇಕು. ನಾನು ಆ ಸಾಲು ಗುರುತು ಹಾಕಿಕೊಂಡು ಕೂತಿದ್ದೆ. ಅತ್ತಲಿಂದ ಬಂದ ಮೊದಲ ಪ್ರಶ್ನೆಗೇ ಉತ್ತರ ಇರಲಿಲ್ಲ: "ಆ ಜಾಗ ಎಕ್ಸ್‌ಕ್ಲೂಸಿವ್ ಫೆಡರಲ್ ಜುರಿಸ್ಡಿಕ್ಷನ್ ಅಂತ ನಿಮಗೆ ಯಾರು ಹೇಳಿದರು? ಬರಹದಲ್ಲಿ ಇದೆಯಾ?"

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕಂದ್ರೆ ಇಷ್ಟು ವರ್ಷ ಈ ಕೆಲಸದಲ್ಲಿರುವವರೂ ಇದನ್ನು ತಪ್ಪಾಗಿ ತಿಳಿದಿರುತ್ತಾರೆ. ಸೇನೆಯೋ ಸರ್ಕಾರಿ ಆಸ್ಪತ್ರೆಯೋ ಫೆಡರಲ್ ಸಂಸ್ಥೆಯೇ ಗೇಜ್ ಇಟ್ಟುಕೊಂಡಿದ್ದರೆ ಅದು ಯಾವತ್ತೂ ಎನ್‌ಆರ್‌ಸಿ ಕೆಳಗೇ, ಯಾವ ರಾಜ್ಯದಲ್ಲಿದ್ದರೂ. ಅಲ್ಲಿ ನೋಡುವುದು ಮಾಲೀಕರು ಯಾರು ಅಂತ. ನಮ್ಮಂಥ ಖಾಸಗಿ ಕಂಪನಿ ಫೆಡರಲ್ ಜಾಗಕ್ಕೆ ಹೋದಾಗ ನೋಡುವುದು ನೆಲ ಯಾರ ಅಧಿಕಾರದ್ದು ಅಂತ. ನೆಲ ಸರ್ಕಾರದ್ದು ಅಂದ ಮಾತ್ರಕ್ಕೆ ರಾಜ್ಯದ ಕಾನೂನು ಅಲ್ಲಿ ಸತ್ತುಹೋಗಲ್ಲ. ಕೆಲವು ಕಡೆ ರಾಜ್ಯ ತನ್ನ ಅಧಿಕಾರವನ್ನು ಪೂರ್ತಿ ಬಿಟ್ಟುಕೊಟ್ಟಿರುತ್ತೆ (ಎಕ್ಸ್‌ಕ್ಲೂಸಿವ್ ಅಂದರೆ ಇದೇ), ಕೆಲವು ಕಡೆ ಇಬ್ಬರದ್ದೂ ನಡೆಯುತ್ತೆ, ಕೆಲವು ಕಡೆ ಫೆಡರಲ್ ಸರ್ಕಾರ ಬರೀ ಜಮೀನಿನ ಮಾಲೀಕ ಅಷ್ಟೇ. ಮೊದಲನೆಯ ಥರದ ಜಾಗದಲ್ಲಿ ಮಾತ್ರ ನಮಗೆ ಫಾರ್ಮ್ 241 ಬೇಕು. 1940ರ ಫೆಬ್ರವರಿ 1ರಿಂದ ಈಚೆಗೆ ಕೊಂಡ ನೆಲವಾದರೆ, ಫೆಡರಲ್ ಸರ್ಕಾರ ಬಾಯಿಬಿಟ್ಟು ಅಧಿಕಾರ ಒಪ್ಪಿಕೊಳ್ಳದ ಹೊರತು ಅದಕ್ಕೆ ಅಧಿಕಾರ ಇಲ್ಲ ಅಂತಲೇ ಲೆಕ್ಕ. ಒಂದೇ ಬೇಲಿಯೊಳಗೆ ಬೇರೆ ಬೇರೆ ಕಾಲದಲ್ಲಿ ಕೊಂಡ ತುಂಡುಗಳು ಇರುತ್ತವೆ. ಹಾಗಾಗಿ ರಸ್ತೆಯ ಈ ಬದಿ ಒಂದು ಕಾನೂನು, ಆ ಬದಿ ಇನ್ನೊಂದು.

ಅಮೆರಿಕದ ಫೆಡರಲ್ ಬೇಲಿಯೊಳಗೆ ಪಹಣಿ ಹುಡುಕುವ ದಿನ ಬರುತ್ತೆ ಅಂತ ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಆ ಜಾಗದ ಸೇಫ್ಟಿಯವರನ್ನು ಕೇಳಿದೆ. ಅವರು ಪರಿಸರ ವಿಭಾಗ ಕೇಳಿ ಅಂದರು. ಪರಿಸರ ವಿಭಾಗ ಕಾನೂನು ವಿಭಾಗ ಕೇಳಿ ಅಂದಿತು. ಕಾನೂನು ವಿಭಾಗದವರು ರಿಯಲ್ ಎಸ್ಟೇಟ್ ಕಚೇರಿಯಲ್ಲಿ ಕ್ರಯಪತ್ರ ನೋಡಬೇಕು, ನೋಡಿ ಹೇಳ್ತೀವಿ ಅಂದರು. ದನಿ ಕೇಳಿದರೆ ಇದೇ ಪ್ರಶ್ನೆ ಅವರಿಗೂ ಮೊದಲ ಸಲ ಅಂತ ಅನಿಸಿತು.

ಅಷ್ಟರಲ್ಲಿ ಮೂರನೇ ಸಲ ಗುತ್ತಿಗೆದಾರರ ಫೋನ್. ಆಗ ಟೆಕ್ನಿಷಿಯನ್‌ನೇ ದಾರಿ ತೋರಿಸಿದ. "ಸ್ಯಾಂಡ್ ಕೋನ್ ತರಿಸಿ ಬಾಸ್. ಮರಳಿಗೆ ಲೈಸೆನ್ಸ್ ಬೇಕಾ?"

ನಾನು ದಾವಣಗೆರೆಯಲ್ಲಿ ಸಿವಿಲ್ ಓದುವಾಗ ಲ್ಯಾಬ್‌ನಲ್ಲಿ ಮಾಡಿದ್ದ ಸ್ಯಾಂಡ್ ರಿಪ್ಲೇಸ್‌ಮೆಂಟ್ ಟೆಸ್ಟೇ ಅದು. ಊರಲ್ಲಿ ರಸ್ತೆ ಕೆಲಸದವರು ಇವತ್ತಿಗೂ ಮಾಡುವ ಟೆಸ್ಟು. ನಮ್ಮ ಗೋದಾಮಿನ ಮೂಲೆಯಲ್ಲಿ ಧೂಳು ಹಿಡಿದಿದ್ದ ಕೋನ್, ತಟ್ಟೆ, ಜರಡಿ ಹಿಡಿದ ಒಣ ಮರಳಿನ ಬಾಟಲಿ ತಗೊಂಡು ಹುಡುಗನೊಬ್ಬನನ್ನು ಓಡಿಸಿದೆ. ತಟ್ಟೆ ಇಟ್ಟು ಅದರ ತೂತಿನೊಳಗೆ ಉಳಿಯಿಂದ ಕೆರೆದು ಗುಂಡಿ ತೋಡಬೇಕು. ಬಂದ ಮಣ್ಣಿನ ಒಂದು ಕಾಳೂ ಚೆಲ್ಲದ ಹಾಗೆ ಚಮಚದಲ್ಲಿ ತೆಗೆದು ಚೀಲಕ್ಕೆ ಹಾಕಿ ತೂಗಬೇಕು. ಆಮೇಲೆ ಕೋನ್ ಬೋರಲು ಹಾಕಿ ಮರಳು ಬಿಡಬೇಕು. ಎಷ್ಟು ಮರಳು ಹಿಡಿಯಿತು ಅಂತ ನೋಡಿದರೆ ಗುಂಡಿಯ ಗಾತ್ರ ಸಿಗುತ್ತೆ. ಮರಳು ಇಳಿಯುವಾಗ ಪಕ್ಕದಲ್ಲಿ ರೋಲರ್ ಅಲುಗಾಡಿದರೂ ಲೆಕ್ಕ ಕೆಡುತ್ತೆ. ಅಂದರೆ ಟೆಸ್ಟ್ ನಡೆಯುವಾಗ ಎಲ್ಲರೂ ಯಂತ್ರ ಆಫ್ ಮಾಡಿ ಕೂರಬೇಕು. ಗೇಜ್ ಒಂದು ನಿಮಿಷದಲ್ಲಿ ಹೇಳುವುದನ್ನು ಇದು ಹೇಳುವಷ್ಟರಲ್ಲಿ ಕಾಫಿ ಕುಡಿದು ಬರಬಹುದು. ರೋಲರ್ ಚಾಲಕರು ಅದನ್ನೇ ಮಾಡಿದರು.

ಕೆಲಸ ನಿಧಾನವಾಯ್ತು, ನಿಲ್ಲಲಿಲ್ಲ. ಬರಹದ ಉತ್ತರ ಬರುವ ಹೊತ್ತಿಗೆ ಆ ಜಾಗದ ಮಣ್ಣಿನ ಕೆಲಸವೇ ಮುಗಿದಿತ್ತು. ಉತ್ತರ ಏನು ಗೊತ್ತಾ? ನಾವು ಕೆಲಸ ಮಾಡಿದ ತುಂಡು ತಡವಾಗಿ ಕೊಂಡದ್ದು. ಫೆಡರಲ್ ಸರ್ಕಾರ ಅಲ್ಲಿ ಬರೀ ಮಾಲೀಕ. ರಾಜ್ಯದ ಲೈಸೆನ್ಸ್ ಸಾಕಿತ್ತು. ಬೆಳಗ್ಗೆ ಮಾಡಿದ ಮೊದಲ ಲಿಫ್ಟೂ ಸರಿ, ಮಾಡದೇ ಬಿಟ್ಟ ಎರಡನೆಯದೂ ಸರಿಯೇ ಆಗುತ್ತಿತ್ತು. ಗೇಟಿನ ಎದುರಿನ ಹಳೆಯ ತುಂಡು ಮಾತ್ರ ಎಕ್ಸ್‌ಕ್ಲೂಸಿವ್. ಸೇಫ್ಟಿಯವರು ಅದನ್ನು ಮನಸ್ಸಲ್ಲಿ ಇಟ್ಟುಕೊಂಡು ಹೇಳಿದ್ದರು.

ಮ್ಯಾನೇಜರ್ ಆ ಪತ್ರವನ್ನು ಆಫೀಸಿಗೆಲ್ಲ ಫಾರ್ವರ್ಡ್ ಮಾಡಿದರು. ಮೇಲೊಂದು ಸಾಲು, "ಮಾಹಿತಿಗಾಗಿ" ಅಂತ. ನಾನು ಉತ್ತರ ಬರೆಯಲಿಲ್ಲ. ಆ ಬೆಳಗ್ಗೆ ಮತ್ತೆ ಬಂದರೂ ನಾನು ಬೀಗ ಹಾಕಿ ಅಂತಲೇ ಹೇಳುವುದು. ಕ್ರಯಪತ್ರ ಆವತ್ತು ನನ್ನ ಕೈಯಲ್ಲಿರಲಿಲ್ಲ, ಮ್ಯಾನೇಜರ್ ಕೈಯಲ್ಲೂ ಇರಲಿಲ್ಲ.

ಆಮೇಲಿಂದ ಬೇಲಿ ಇರುವ ಯಾವ ಫೆಡರಲ್ ಜಾಗಕ್ಕೂ ಕೊಟೇಷನ್ ಕೊಡುವಾಗಲೇ ಒಂದು ಪತ್ರ ಕೇಳುತ್ತೇನೆ. ಕಟ್ಟಡದ ಹೆಸರಲ್ಲ, ನಕ್ಷೆಯಲ್ಲಿ ಗುರುತು ಹಾಕಿದ ತುಂಡು, ಅದರ ಜುರಿಸ್ಡಿಕ್ಷನ್ ಏನು, ಹೇಳಿದವರ ಹೆಸರು, ಸಹಿ. ಗುತ್ತಿಗೆದಾರರು ಗೊಣಗುತ್ತಾರೆ. ಗೊಣಗಲಿ. 2019ರಲ್ಲಿ ವರ್ಮಾಂಟ್ ಅಗ್ರಿಮೆಂಟ್ ಸ್ಟೇಟ್ ಆದಾಗ ಅಲ್ಲಿ ಇದೇ ಕೆಲಸದಲ್ಲಿರುವ ಪರಿಚಯದವರೊಬ್ಬರು ಏನೇನು ತಯಾರಿ ಬೇಕು ಅಂತ ಕೇಳಿದರು. ನೋಟಿಸ್, ಫೋನ್ ನಂಬರ್ ಎಲ್ಲ ರಾಜ್ಯದವರೇ ಹೇಳ್ತಾರೆ, ನೀವು ಮೊದಲು ನಿಮ್ಮ ಹಳೆಯ ಕೆಲಸಗಳ ಪಟ್ಟಿ ತೆಗೆದು ಫೆಡರಲ್ ಜಾಗ ಎಷ್ಟಿದೆ ಎಣಿಸಿ ಅಂದೆ. ಜೊತೆಗೆ ಮರಳೂ ಸ್ವಲ್ಪ ಒಣಗಿಸಿ ಇಟ್ಟಿರಿ ಅಂತಲೂ ಹೇಳಿದೆ.

ಸಾಫ್ಟ್‌ವೇರ್ ವಿಷಯ ಕೇಳಬೇಡಿ. ಪಿನ್‌ಕೋಡ್ ಜೊತೆ "ಫೆಡರಲ್ ನೆಲ" ಅಂತ ಒಂದು ಖಾನೆ ಸೇರಿಸಿ ಅಂತ ಕೇಳಿದ್ದಕ್ಕೆ, ಅದು ವೆಂಡರ್‌ನವರ ಮುಂದಿನ ವರ್ಷನ್‌ನಲ್ಲಿ ಬರುತ್ತೆ ಅಂದರು. ಎರಡು ವರ್ಷನ್ ಬಂದವು. ಬಟನ್‌ಗಳ ಬಣ್ಣ ಬದಲಾಯಿತು.

ಇನ್ನು ಆವತ್ತು ನಿಂತಿದ್ದ ರೋಲರ್‌ಗಳ ಬಾಡಿಗೆ. ಗುತ್ತಿಗೆದಾರರು ಬಿಲ್ ಕಳಿಸಿದರು, ನಮ್ಮವರು ಚೌಕಾಸಿ ಮಾಡಿ ಸ್ವಲ್ಪ ಇಳಿಸಿ ಕೊಟ್ಟರು. ಪ್ರಾಜೆಕ್ಟ್ ಖಾತೆಗೆ ಹಾಕುತ್ತಾರೆ ಅಂದುಕೊಂಡಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನೋ ಹಾಗೆ ಅದು ಬಂದು ಬಿದ್ದದ್ದು ರೇಡಿಯೇಷನ್ ಸೇಫ್ಟಿ ಬಜೆಟ್‌ಗೆ. ಆ ವರ್ಷ ನಾನು ಕೇಳಿದ್ದ ವಿಕಿರಣ ಅಳೆಯುವ ಹೊಸ ಸರ್ವೇ ಮೀಟರ್ ಬರಲಿಲ್ಲ.