ಆರಾಧನೆಯಲ್ಲಿ ನನಗೆ ಏನೂ ಅನಿಸಲ್ಲ, ಅದು ನಾಟಕವಾ?

ನನ್ನನ್ನು ಜನ ಪದೇ ಪದೇ ಕೇಳುವ ಪ್ರಶ್ನೆ ಇದು. ‘ಚರ್ಚಿನ ಸಭೆಗೆ ಹೋಗ್ತೀನಿ, ಎಲ್ಲರ ಜೊತೆ ಹಾಡ್ತೀನಿ, ಪ್ರಾರ್ಥನೆಗೆ ಕಣ್ಣು ಮುಚ್ತೀನಿ. ಒಳಗೆ ಮಾತ್ರ ಏನೂ ಆಗಲ್ಲ. ಪಕ್ಕದವರು ಕೈ ಎತ್ತಿ ಅಳ್ತಿರ್ತಾರೆ, ನನಗೆ ಮನೆಯಲ್ಲಿ ಬಾಕಿ ಇರೋ ಕೆಲಸ ನೆನಪಾಗುತ್ತೆ. ಹಾಗಾದ್ರೆ ನನ್ನ ಆರಾಧನೆ ಸುಳ್ಳಾ?’ ಹೀಗೆ ಕೇಳುವವರಲ್ಲಿ ಹುಟ್ಟಿದಾಗಿನಿಂದ ಸಭೆಯಲ್ಲೇ ಬೆಳೆದವರಿದ್ದಾರೆ. ಮುಂದೆ ನಿಂತು ಹಾಡು ನಡೆಸುವವರೂ ಇದ್ದಾರೆ. ಅವರು ಸ್ವಲ್ಪ ದನಿ ತಗ್ಗಿಸಿ ಕೇಳ್ತಾರೆ, ಅಷ್ಟೇ.

ಸುಳ್ಳಲ್ಲ ಅನ್ನೋದು ನನ್ನ ಉತ್ತರ. ಅನಿಸದೇ ಇದ್ದದ್ದನ್ನು ಅನಿಸಿದ ಹಾಗೆ ತೋರಿಸಿಕೊಳ್ಳಲು ಹೊರಟಾಗ ನಾಟಕ ಶುರುವಾಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿರುವ ನಿಮಗೆ ಆ ಮಾತು ಅನ್ವಯಿಸಲ್ಲ.

ಹನ್ನಳ ಕಥೆ ಗೊತ್ತಲ್ವಾ? ಬೈಬಲ್ಲಿನಲ್ಲಿ ಸಮುವೇಲನ ಮೊದಲನೆಯ ಪುಸ್ತಕದ ಮೊದಲ ಅಧ್ಯಾಯದಲ್ಲಿದೆ. ಮಕ್ಕಳಿಲ್ಲದ ಹೆಂಗಸು. ಸವತಿ ಪೆನಿನ್ನ ಚುಚ್ಚಿ ಮಾತಾಡುತ್ತಾಳೆ. ವರ್ಷ ವರ್ಷವೂ ಮನೆಯವರೆಲ್ಲ ಶೀಲೋವಿಗೆ ಯಜ್ಞ ಅರ್ಪಿಸಲು ಹೋಗುತ್ತಾರೆ, ವರ್ಷ ವರ್ಷವೂ ಅದೇ ಚುಚ್ಚು ಮಾತು, ಅದೇ ಕಣ್ಣೀರು, ಊಟವೂ ಸೇರುವುದಿಲ್ಲ. ಹಬ್ಬದ ಸಂಭ್ರಮದ ನಡುವೆ ಅವಳಿಗೆ ಸಂಭ್ರಮದ ಲವಲೇಶವೂ ಇಲ್ಲ. ಒಂದು ಸಲ ಎದ್ದು ಹೋಗಿ ಪ್ರಾರ್ಥನೆ ಮಾಡುತ್ತಾಳೆ. ತುಟಿ ಅಲ್ಲಾಡುತ್ತದೆ, ದನಿ ಹೊರಡುವುದಿಲ್ಲ. ಬಾಗಿಲ ಬಳಿ ಪೀಠದ ಮೇಲೆ ಕೂತಿದ್ದ ಯಾಜಕ ಏಲಿ ಅವಳ ಬಾಯನ್ನೇ ನೋಡುತ್ತಿದ್ದ. ನೋಡಿ ನೋಡಿ ಅವನು ಬಂದ ತೀರ್ಮಾನ ಏನು ಗೊತ್ತಾ? ಇವಳು ಕುಡಿದಿದ್ದಾಳೆ! ಎಷ್ಟು ಹೊತ್ತು ಅಂತ ಅಮಲಲ್ಲಿರ್ತೀಯ ಅಂತ ಬೈದೇಬಿಟ್ಟ. ಹನ್ನ ಜಗಳಕ್ಕೆ ನಿಲ್ಲಲಿಲ್ಲ. ನಾನು ಕುಡಿದಿಲ್ಲ, ತುಂಬ ನೊಂದಿದ್ದೇನೆ, ನನ್ನ ಮನಸ್ಸನ್ನು ಕರ್ತನ ಮುಂದೆ ಸುರಿದುಕೊಳ್ಳುತ್ತಿದ್ದೇನೆ ಅಂದಳು.

ಪೂಜೆಯ ಕೆಲಸವನ್ನೇ ಬದುಕಾಗಿಸಿಕೊಂಡಿದ್ದ ಯಾಜಕನಿಗೇ ಕಣ್ಣೆದುರಿನ ನಿಜವಾದ ಆರಾಧನೆ ಗುರುತು ಸಿಗಲಿಲ್ಲ. ಹಾಗಿರುವಾಗ ಪಕ್ಕದವರ ಕೈ ಎಷ್ಟು ಮೇಲೆ ಹೋಯಿತು ಅಂತ ನೋಡಿ ನಿಮ್ಮದನ್ನು ಅಳೆದುಕೊಳ್ಳುವುದು ಯಾವ ಲೆಕ್ಕ? ಅವರ ಕಣ್ಣೀರು ನಿಜವೇ ಇರಬಹುದು. ಅದು ಅವರ ವಿಷಯ.

ಇನ್ನು ಬೈಬಲ್ಲಿನ ಹಾಡುಗಳಾದ ಕೀರ್ತನೆಗಳು. ಒಟ್ಟು 150ರಲ್ಲಿ ಗೋಳಿನ ಹಾಡುಗಳೇ ಬಹಳ. ‘ಕರ್ತನೇ, ಎಷ್ಟರವರೆಗೆ?’ ಅಂತ ಶುರುವಾಗುವ 13ನೆಯ ಕೀರ್ತನೆ ಆರೇ ವಚನಗಳಲ್ಲಿ ಸ್ತೋತ್ರಕ್ಕೆ ಬಂದು ನಿಲ್ಲುತ್ತದೆ. ಆದರೆ 88ನೆಯದನ್ನು ಓದಿ ನೋಡಿ. ಹಗಲಿರುಳು ಕೂಗಿದೆ, ಯಾಕೆ ಮುಖ ಮರೆಮಾಡಿದ್ದೀ, ಗೆಳೆಯರನ್ನೂ ದೂರ ಮಾಡಿದೆಯಲ್ಲ ಅಂತ ಹೇಳುತ್ತಾ ಹೋಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೆ ಒಂದು ಸಮಾಧಾನದ ಸಾಲಾದರೂ ಬರಬಹುದು ಅಂತ ಕಾದರೆ ಬರುವುದೇ ಇಲ್ಲ. ಇದನ್ನು ಯಾರೋ ಮೂಲೆಯಲ್ಲಿ ಕೂತು ಗುಟ್ಟಾಗಿ ಬರೆದಿಟ್ಟದ್ದಲ್ಲ. ತಲೆಬರಹದಲ್ಲೇ ಗಾಯಕರ ನಾಯಕನ ಮಾತಿದೆ, ದೇವಾಲಯದಲ್ಲಿ ಹಾಡುತ್ತಿದ್ದ ಕೋರಹನ ವಂಶದವರ ಹಾಡು ಅಂತಲೂ ಇದೆ. ಎಲ್ಲರೂ ಸೇರಿ ಹಾಡಲಿಕ್ಕೇ ಇಟ್ಟುಕೊಂಡ ಹಾಡು. ಬತ್ತಿಹೋದ ಮನಸ್ಸಿಗೂ ಆರಾಧನೆಯಲ್ಲಿ ಜಾಗ ಇದೆ ಅನ್ನಲು ನನಗೆ ಇಷ್ಟು ಸಾಕು.

ಇಲ್ಲಿಗೆ ಬಂದಾಗ ಒಂದು ವಾಕ್ಯ ಎತ್ತಿ ಹೊಡೆಯುವವರಿದ್ದಾರೆ. ‘ಈ ಜನ ತುಟಿಯಿಂದ ನನ್ನನ್ನು ಸನ್ಮಾನಿಸುತ್ತಾರೆ, ಹೃದಯವೋ ನನಗೆ ದೂರ’ ಅಂತ ಪ್ರವಾದಿ ಯೆಶಾಯ ಹೇಳಿಲ್ವಾ, ನಿಮ್ಮದೂ ಅದೇ ಕೇಸು ಅಂತ. ಪಾಪ, ಮೊದಲೇ ಕುಗ್ಗಿದವರು ಇನ್ನೂ ಕುಗ್ಗುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಯಾಕಂದ್ರೆ ಯೇಸು ಈ ಮಾತನ್ನು ಯಾರಿಗೆ ಹೇಳಿದ ಅಂತ ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ. ಆಗ ಒಂದು ಪದ್ಧತಿ ಇತ್ತು. ವಯಸ್ಸಾದ ತಂದೆತಾಯಿಗೆ ಉಪಯೋಗವಾಗಬೇಕಾದ ಹಣವನ್ನೋ ಆಸ್ತಿಯನ್ನೋ ‘ಇದು ಕೊರ್ಬಾನ್’ ಅಂತ, ಅಂದರೆ ದೇವರಿಗೆ ಮುಡಿಪು ಅಂತ ಘೋಷಿಸಿಬಿಟ್ಟರೆ ಆಯಿತು. ಅಪ್ಪ ಅಮ್ಮನಿಗೆ ಅದರಿಂದ ಏನೂ ಕೊಡಬೇಕಾಗಿಲ್ಲ, ಕೊಡಲೂಬಾರದು ಅನ್ನುತ್ತಿತ್ತು ಆ ಸಂಪ್ರದಾಯ. ಹೀಗೆ ದೇವರ ಹೆಸರು ಹೇಳಿ ಹೆತ್ತವರ ಕೈ ಬಿಡುವುದನ್ನು ಒಪ್ಪಿಕೊಂಡಿದ್ದವರ ಮೇಲೆ ಯೇಸು ಯೆಶಾಯನ ಮಾತನ್ನು ತಿರುಗಿಸಿದ. ಹಾಡುವಾಗ ಇವರಿಗೆ ರೋಮಾಂಚನ ಆಗುತ್ತಿತ್ತೋ ಇಲ್ಲವೋ ಅನ್ನುವುದು ಅಲ್ಲಿ ವಿಷಯವೇ ಅಲ್ಲ.

ಪ್ರವಾದಿ ಆಮೋಸನದ್ದೂ ಇದೇ ದೂರು. ನಿಮ್ಮ ಹಾಡುಗಳ ಗದ್ದಲ ನನ್ನಿಂದ ತೊಲಗಲಿ, ನಿಮ್ಮ ವೀಣೆಯ ನಾದ ನನಗೆ ಬೇಡ ಅನ್ನುತ್ತಾನೆ ದೇವರು, 5ನೆಯ ಅಧ್ಯಾಯದಲ್ಲಿ. ಸಂಗೀತ ಕೆಟ್ಟದ್ದಾಗಿತ್ತಾ? ಕಾರಣ ಬೇಕಾದರೆ 8ನೆಯ ಅಧ್ಯಾಯಕ್ಕೆ ಹೋಗಿ. ಅಮಾವಾಸ್ಯೆ ಕಳೆದು ಹೊಸ ತಿಂಗಳು ಹುಟ್ಟುವಾಗಿನ ಹಬ್ಬ ಯಾವಾಗ ಮುಗಿಯುತ್ತೋ, ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಯಾವಾಗ ಕಳೆಯುತ್ತೋ, ಅಂಗಡಿ ತೆರೆದು ಧಾನ್ಯ ಮಾರೋಣ ಅಂತ ಕಾಯುವ ವ್ಯಾಪಾರಿಗಳು ಅಲ್ಲಿದ್ದಾರೆ. ಅಳತೆಯ ಪಾತ್ರೆ ಚಿಕ್ಕದು, ಹಣ ತೂಗುವ ಕಲ್ಲು ದೊಡ್ಡದು, ತಕ್ಕಡಿ ಮೋಸದ್ದು, ಗೋದಿಯ ಕಸವನ್ನೂ ಬಡವನಿಗೆ ಮಾರಿ ದುಡ್ಡು ಮಾಡುವ ಯೋಚನೆ. ಆರಾಧನೆಯ ನಡುವೆ ಮನೆಗೆಲಸ ನೆನಪಾಯಿತು ಅಂತ ಕೊರಗುವವರು ಇದನ್ನು ಗಮನಿಸಿ. ಮನಸ್ಸು ಅಂಗಡಿಗೆ ಓಡಿತು ಅನ್ನುವುದಕ್ಕಿಂತ ಆ ಅಂಗಡಿಯಲ್ಲಿ ತಕ್ಕಡಿ ಹೇಗಿದೆ ಅನ್ನುವುದು ಆಮೋಸನಿಗೆ ಮುಖ್ಯ.

ಹಾಗಾಗಿ ನನ್ನ ಉತ್ತರ ಪೂರ್ತಿ ಸಮಾಧಾನದ್ದಲ್ಲ. ಏನೂ ಅನಿಸದವರಿಗೆ ಹೆದರಬೇಡಿ ಅಂತೀನಿ. ತುಂಬಾ ಅನಿಸುವವರಿಗೆ ಅಷ್ಟಕ್ಕೇ ನಿಶ್ಚಿಂತರಾಗಬೇಡಿ ಅಂತಲೂ ಹೇಳಬೇಕಾಗುತ್ತದೆ. ಅವರು ಕೇಳಲ್ಲ, ಅದು ಬೇರೆ ಮಾತು.

ಸಂಗೀತದ ಬಗ್ಗೆ ಒಂದೆರಡು ಮಾತು. ಒಳ್ಳೆಯ ರಾಗಕ್ಕೆ ಮೈ ಜುಮ್ಮೆನ್ನುವುದು ಸಹಜ, ಅದರಲ್ಲಿ ತಪ್ಪೇನಿಲ್ಲ. 4ನೆಯ ಶತಮಾನದ ಕೊನೆಯಲ್ಲಿ ಬಿಷಪ್ ಆಗಿದ್ದ ಅಗಸ್ಟೀನ್‌ನಿಗೂ ಈ ಗೊಂದಲ ಇತ್ತು. ಸಭೆಯ ಹಾಡು ಕೇಳಿ ಅತ್ತವನು ಅವನು. ಮುಂದೆ, ಹಾಡಿನ ಅರ್ಥಕ್ಕಿಂತ ಹಾಡಿದ ರೀತಿಯೇ ತನ್ನನ್ನು ಜಾಸ್ತಿ ಅಲುಗಾಡಿಸುತ್ತಿದೆಯಲ್ಲ ಅಂತ ಚಿಂತೆ ಮಾಡಿದ. ಆದರೂ ಸಭೆಯಲ್ಲಿ ಹಾಡು ಬೇಡ ಅನ್ನಲಿಲ್ಲ. ನಾನೂ ಅನ್ನಲ್ಲ. ಸ್ಪೀಕರ್ ಎಬ್ಬಿಸಿದ ಉತ್ಸಾಹವನ್ನೆಲ್ಲ ಪರಿಶುದ್ಧಾತ್ಮನ ಲೆಕ್ಕಕ್ಕೆ ಬರೆಯಬೇಡಿ ಅಂತೀನಿ, ಅಷ್ಟೇ.

ಬರೆದಿಟ್ಟ ಪ್ರಾರ್ಥನೆ ಓದಿದರೆ ಅದು ಮನಸ್ಸಿನಿಂದ ಬಂದದ್ದಾ ಅಂತಲೂ ಕೇಳ್ತಾರೆ. ಶಿಲುಬೆಯ ಮೇಲೆ ಯೇಸು ಕೂಗಿದ ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟಿದ್ದೀ?’ ಅನ್ನುವುದು 22ನೆಯ ಕೀರ್ತನೆಯ ಮೊದಲ ಸಾಲು. ಆ ಹೊತ್ತಲ್ಲಿ ಅವನ ಬಾಯಿಗೆ ಬಂದದ್ದು ಹಳೆಯ ಹಾಡಿನ ಮಾತು. ಅದಕ್ಕಿಂತ ಮನಸ್ಸಿನಿಂದ ಬಂದ ಪ್ರಾರ್ಥನೆ ಎಲ್ಲಿದೆ?

ಆರಂಭದ ಕ್ರೈಸ್ತರ ಭಾನುವಾರ ಹೇಗಿತ್ತು ಅನ್ನುವುದಕ್ಕೆ ಒಂದು ಒಳ್ಳೆಯ ಸಾಕ್ಷಿ ಇದೆ. ಕ್ರಿಸ್ತಶಕ 155ರ ಸುಮಾರಿಗೆ ಜಸ್ಟಿನ್ ಅನ್ನುವವನು ರೋಮ್ ಚಕ್ರವರ್ತಿಯನ್ನು ಉದ್ದೇಶಿಸಿ ಕ್ರೈಸ್ತರ ಪರವಾಗಿ ಬರೆದ ಮನವಿ. ಅದರಲ್ಲಿ ಭಾನುವಾರ ನಡೆಯುವುದನ್ನು ವಿವರಿಸುತ್ತಾನೆ. ಪಟ್ಟಣದವರು, ಹಳ್ಳಿಯವರು ಒಂದೆಡೆ ಸೇರುತ್ತಾರೆ. ಯೇಸುವಿನ ಮೊದಲ ಶಿಷ್ಯರಾದ ಅಪೊಸ್ತಲರ ಬರಹಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯ ಇರುವಷ್ಟು ಹೊತ್ತು ಓದುತ್ತಾರೆ. ಮುಖ್ಯಸ್ಥ ಬೋಧನೆ ಮಾಡುತ್ತಾನೆ. ಎಲ್ಲರೂ ಎದ್ದು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುತ್ತಾರೆ. ಬರಲಾಗದವರಿಗೆ ಸಭಾಸೇವಕರು ಮನೆಗೇ ಒಯ್ದು ಕೊಡುತ್ತಾರೆ. ಅನುಕೂಲ ಇದ್ದವರು ಮನಸ್ಸು ಬಂದಷ್ಟು ಕಾಣಿಕೆ ಕೊಡುತ್ತಾರೆ. ಅದು ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಪರಊರಿನಿಂದ ಬಂದವರ ಖರ್ಚಿಗೆ ಹೋಗುತ್ತದೆ. ಆ ವಿವರಣೆಯಲ್ಲಿ ಯಾರಿಗೆ ಏನನಿಸಿತು ಅನ್ನುವ ಮಾತಿಲ್ಲ. ರೊಟ್ಟಿ ಯಾರ ಮನೆಗೆ ತಲುಪಿತು, ಹಣ ಯಾರ ಕೈ ಸೇರಿತು ಅನ್ನುವುದಿದೆ.

ಒಂದು ಎಚ್ಚರಿಕೆಯ ಮಾತೂ ಹೇಳಬೇಕು. ಆರಾಧನೆಯಲ್ಲಿ ಮಾತ್ರವಲ್ಲ, ಎಲ್ಲೂ ಏನೂ ರುಚಿಸುತ್ತಿಲ್ಲ, ನಿದ್ದೆ ಹಸಿವು ಕೆಟ್ಟಿದೆ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಅದನ್ನು ವಿಶ್ವಾಸದ ಕೊರತೆ ಅಂತ ತಿಳಿಯಬೇಡಿ. ಡಾಕ್ಟರ ಹತ್ತಿರ ಹೋಗಿ. ಪ್ರವಾದಿ ಎಲೀಯ ಸಾವನ್ನೇ ಬೇಡಿಕೊಂಡು ಅಡವಿಯಲ್ಲಿ ಗಿಡದ ಕೆಳಗೆ ಮಲಗಿದ್ದಾಗ ದೇವದೂತ ಬಂದು ಪ್ರಸಂಗ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ ಕೊಟ್ಟ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಬಂದು ಎಬ್ಬಿಸಿ, ತಿನ್ನು ಅಂದ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರು, ‘ಹಾಗಾದ್ರೆ ಮನಸ್ಸು ಬರೋವರೆಗೂ ಸಭೆಗೆ ಬರದೇ ಇರಲಾ?’ ಅಂತಾರೆ. ಬನ್ನಿ. ಕರ್ತನೇ, ಇವತ್ತು ನನಗೆ ಮನಸ್ಸಿಲ್ಲ, ಆದರೂ ಬಂದಿದ್ದೇನೆ ಅಂತ ಹೇಳಿಕೊಂಡೇ ಬನ್ನಿ. ಬಾಯಿಗೆ ಬಾರದ ಸಾಲನ್ನು ಹಾಡದೆ ಬಿಡಿ, ಉಳಿದವರು ಹಾಡ್ತಾರೆ. ಯಾರ ಜೊತೆಗಾದರೂ ಮಾತು ನಿಂತುಹೋಗಿದ್ದರೆ ಮಾತ್ರ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯ ತೆಗೆದು 23, 24ನೆಯ ವಚನ ನೋಡಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಅಲ್ಲೇ ಬಿಟ್ಟು ಹೋಗು, ಮೊದಲು ಸಹೋದರನ ಜೊತೆ ರಾಜಿಯಾಗು, ಆಮೇಲೆ ಬಂದು ಅರ್ಪಿಸು ಅನ್ನುತ್ತಾನೆ ಯೇಸು. ಇದನ್ನು ಹೇಳಿದ್ದು ಗಲಿಲಾಯದಲ್ಲಿ, ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ನಡುವೆ ಕೆಲವು ದಿನಗಳ ಕಾಲ್ನಡಿಗೆ. ಕೇಳುತ್ತಿದ್ದವರು ಅಷ್ಟು ದೂರ ವಾಪಸ್ ಬಂದು, ಜಗಳ ಬಗೆಹರಿಸಿಕೊಂಡು, ಮತ್ತೆ ಅಷ್ಟೇ ದೂರ ನಡೆಯಬೇಕಿತ್ತು. ನಿಮಗೆ ಬಹುಶಃ ಒಂದು ಫೋನ್ ಕರೆ ಸಾಕಾಗಬಹುದು. ಹಾಡು ನಡೆಯುತ್ತಿರುವಾಗಲೇ ಎದ್ದು ಹೊರಗೆ ಹೋಗಿ ಮಾಡಿದರೂ ನಾನಂತೂ ತಪ್ಪು ತಿಳಿಯಲ್ಲ.