ಫಿಲಡೆಲ್ಫಿಯಾದಲ್ಲಿ ಹಳೆಯ ನ್ಯಾಯಮೂರ್ತಿಗಳ ಕಾಗದಗಳ ಬೆನ್ನುಹತ್ತಿ

ಫಿಲಡೆಲ್ಫಿಯಾಕ್ಕೆ ಹೋದವರು ಇಂಡಿಪೆಂಡೆನ್ಸ್ ಹಾಲ್ ನೋಡದೆ ಬರುವುದಿಲ್ಲ. ನಾನು ಮೊದಲು ಹೋದದ್ದು ಅದರ ಪಕ್ಕದ ಓಲ್ಡ್ ಸಿಟಿ ಹಾಲ್‌ಗೆ. 1791ರಿಂದ 1800ರವರೆಗೆ ಅಮೆರಿಕದ ಸುಪ್ರೀಂ ಕೋರ್ಟ್ ಕಲಾಪ ನಡೆಸುತ್ತಿದ್ದುದು ಈ ಇಟ್ಟಿಗೆ ಕಟ್ಟಡದಲ್ಲಿ. ನ್ಯಾಯಮೂರ್ತಿಗಳು ಇಲ್ಲಿ ಕೂತದ್ದಕ್ಕಿಂತ ಬೇರೆ ಬೇರೆ ಊರುಗಳಲ್ಲಿ ನಡೆಯುತ್ತಿದ್ದ ಸರ್ಕ್ಯೂಟ್ ಕೋರ್ಟಿಗಾಗಿ ಅಲೆದದ್ದೇ ಹೆಚ್ಚು. ಅವರಲ್ಲೊಬ್ಬರಾದ ಉತ್ತರ ಕೆರೊಲಿನಾದ ಜೇಮ್ಸ್ ಐರ್‌ಡೆಲ್ ಆ ದಾರಿಗಳಿಂದಲೇ ಹೆಂಡತಿ ಹ್ಯಾನಾಗೆ ಕಾಗದ ಬರೆಯುತ್ತಿದ್ದರು.

ಲೋಕಸ್ಟ್ ಬೀದಿಯ ಹಿಸ್ಟಾರಿಕಲ್ ಸೊಸೈಟಿ ಆಫ್ ಪೆನ್ಸಿಲ್ವೇನಿಯಾ 1824ರಲ್ಲಿ ಹುಟ್ಟಿದ ಸಂಸ್ಥೆ. ಚೀಲ ಹೊರಗಿಟ್ಟು, ಪೆನ್ಸಿಲ್ ಮಾತ್ರ ಹಿಡಿದು ಒಳಗೆ ಕೂತೆ. ವಕೀಲ ಸೈಮನ್ ಗ್ರಾಟ್ಜ್ ಜೀವಮಾನವಿಡೀ ಕೂಡಿಸಿದ ಹಸ್ತಾಕ್ಷರ ಸಂಗ್ರಹ ಇಲ್ಲಿದೆ. ಚಿಂದಿ ಬಟ್ಟೆಯಿಂದ ಮಾಡಿದ ಹಾಳೆ ಇನ್ನೂ ಗಟ್ಟಿ; ಮಾಚಿಕಾಯಿ ಮಸಿ ಮಾತ್ರ ಕಂದು ಬಣ್ಣಕ್ಕೆ ತಿರುಗಿ, ಕೆಲವೆಡೆ ಹಾಳೆಯನ್ನೇ ತಿಂದಿದೆ.

ಜೇಮ್ಸ್ ವಿಲ್ಸನ್ ಕೈಬರಹದ ಸಂವಿಧಾನದ ಕರಡುಗಳೂ ಈ ಸಂಸ್ಥೆಯಲ್ಲೇ ಇವೆ. ಸ್ವಾತಂತ್ರ್ಯ ಘೋಷಣೆಗೂ ಸಂವಿಧಾನಕ್ಕೂ ಸಹಿ ಹಾಕಿದ ಆತ ಸುಪ್ರೀಂ ಕೋರ್ಟಿನ ಮೊದಲ ನ್ಯಾಯಮೂರ್ತಿಗಳಲ್ಲೊಬ್ಬರು. ಜಮೀನು ವ್ಯವಹಾರದ ಸಾಲದಲ್ಲಿ ಮುಳುಗಿ, ನ್ಯಾಯಮೂರ್ತಿಯಾಗಿರುವಾಗಲೇ ಜೈಲು ಕಂಡರು. 1798ರ ಆಗಸ್ಟ್‌ನಲ್ಲಿ ತೀರಿಕೊಂಡದ್ದು ಐರ್‌ಡೆಲ್ ಅವರ ಊರಾದ ಈಡೆಂಟನ್‌ನಲ್ಲಿ. ಅವರ ಅವಶೇಷವನ್ನು ಫಿಲಡೆಲ್ಫಿಯಾದ ಕ್ರೈಸ್ಟ್ ಚರ್ಚ್‌ಗೆ ತಂದದ್ದು 1906ರಲ್ಲಿ. ಸಂಜೆ ಅಲ್ಲಿಗೂ ಹೋಗಿ ಬಂದೆ. ಸಂವಿಧಾನವನ್ನು ತಿದ್ದಿ ತೀಡಿದ ಮನುಷ್ಯನಿಗೆ ಸ್ವಂತ ಊರಿನ ಮಣ್ಣು ಸಿಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತಲ್ಲ ಎಂದು ಸಂಕಟವಾಯಿತು.

ಮರುದಿನ ಹಳೆಯ ಕಾಗದಪತ್ರ ಮಾರುವ ಅಂಗಡಿಯೊಂದರಲ್ಲಿ, ಕತ್ತರಿಸಿ ರಟ್ಟಿಗೆ ಅಂಟಿಸಿದ ನ್ಯಾಯಮೂರ್ತಿಯೊಬ್ಬರ ಸಹಿ ತೋರಿಸಿದರು. ಬೆಲೆ ನನ್ನ ಕೈಗೆಟುಕುವಂತಿತ್ತು, ಆದರೂ ಬೇಡವೆಂದೆ. ಒಂದು ಕಾಲಕ್ಕೆ ಸಹಿಯ ಆಸೆಗೆ ಎಷ್ಟೋ ಕಾಗದಗಳು ಕತ್ತರಿಗೆ ಸಿಕ್ಕಿವೆ. ಇತಿಹಾಸಕಾರ ಜೇರೆಡ್ ಸ್ಪಾರ್ಕ್ಸ್ ಅವರೇ ಜಾರ್ಜ್ ವಾಷಿಂಗ್ಟನ್ ಭಾಷಣದ ಕರಡೊಂದನ್ನು ತುಂಡು ಮಾಡಿ ಬೇಕೆಂದವರಿಗೆ ಹಂಚಿದ್ದರು. ಇದು ಸಂಗ್ರಹವಲ್ಲ, ನಾಶ. ಗ್ರಾಟ್ಜ್ ಹಾಗೆ ಇಡಿಯಾಗಿ ಉಳಿಸಿ, ಎಲ್ಲರಿಗೂ ಓದಲು ಬಿಟ್ಟುಕೊಡುವುದೇ ಸರಿಯಾದ ಸಂಗ್ರಹ.

ನಾನು ಕೊಂಡದ್ದು 1820ರ ದಶಕದಲ್ಲಿ ಲ್ಯಾಂಕಾಸ್ಟರ್‌ನಿಂದ ಫಿಲಡೆಲ್ಫಿಯಾಕ್ಕೆ ಬಂದ, ಯಾರಿಗೂ ಹೆಸರು ಗೊತ್ತಿಲ್ಲದ ವಕೀಲನೊಬ್ಬನ ಕಾಗದ. ಲಕೋಟೆಯಿಲ್ಲ, ಹಾಳೆಯನ್ನೇ ಮಡಿಚಿ ಕೆಂಪು ಅರಗು ಒತ್ತಿದ್ದಾನೆ. ಮೂಲೆಯಲ್ಲಿ ಅಂಚೆಯವರು ಕೈಯಲ್ಲೇ ಬರೆದ 10 ಎಂಬ ಅಂಕಿ, ಅಂದರೆ ಹತ್ತು ಸೆಂಟು ಅಂಚೆ ದರ. ಆಗ ಹಾಳೆ ಎರಡಾದರೆ ದರವೂ ಇಮ್ಮಡಿ. ಹಾಗಾಗಿ ಬಾಡಿಗೆ ಬಾಕಿಯ ವಿವರವೆಲ್ಲ ಮುಗಿದ ಮೇಲೆ, ಅಂಚಿನಲ್ಲಿ ಅಡ್ಡಡ್ಡಲಾಗಿ, ಸಾಕ್ಷಿಯನ್ನು ಗುರುವಾರದೊಳಗೆ ಕಳಿಸಿ ಎಂದು ಒತ್ತಾಯಿಸಿದ್ದಾನೆ.