ಬಾಣ ಒತ್ತಿದರೆ ‘ಎ’ ಬಂತು
ನಿನ್ನೆ ರಾತ್ರಿ ಹೊಸ ಸರ್ವರ್‌ನಲ್ಲಿ ವಿಮ್ ಅನ್ನೋ ಟೆಕ್ಸ್ಟ್ ಎಡಿಟರ್ ತೆರೆದು ಟೈಪ್ ಮಾಡ್ತಾ ಮೇಲಿನ ಬಾಣ ಒತ್ತಿದೆ. ಕರ್ಸರ್ ಮೇಲೆ ಹೋಗಲಿಲ್ಲ, ಹೊಸ ಸಾಲೊಂದು ತೆರೆದು ‘ಎ’ ಬಂದು ಕೂತಿತು. ಹುಡುಕಲು ಸ್ಲ್ಯಾಶ್ ಹಾಕಿ ಬಾಣ ಒತ್ತಿದರೆ ಹಿಂದೆ ಹುಡುಕಿದ ಪದಗಳೂ ಇಲ್ಲ.

ಎರಡಕ್ಕೂ ಕಾರಣ ಒಂದೇ, ವಿಮ್‌ಗೆ ಮೂಲವಾದ ಹಳೆಯ ಎಡಿಟರ್ ವಿಐ ಥರ ನಡೆದುಕೊಳ್ಳುವ ಕಂಪ್ಯಾಟಿಬಲ್ ಮೋಡ್. ಬಾಣದ ಕೀ ಕಳಿಸೋದು ಎಸ್ಕೇಪ್, ಓ, ಎ ಅಂತ ಮೂರು ಅಕ್ಷರ. ಆ ಮೋಡ್ ಅವನ್ನು ಬಿಡಿಬಿಡಿಯಾಗಿ ಓದುತ್ತೆ: ಎಸ್ಕೇಪ್‌ಗೆ ಟೈಪಿಂಗ್ ನಿಲ್ಲುತ್ತೆ, ಓ ಹೊಸ ಸಾಲು ತೆರೆಯುತ್ತೆ, ಎ ಅಲ್ಲಿ ಬಂದು ಕೂರುತ್ತೆ. ಹಿಂದೆ ಹುಡುಕಿದ್ದನ್ನು ನೆನಪಿಡುವ ಹಿಸ್ಟರಿಯ ಮಿತಿಯೂ ಅಲ್ಲಿ 0. ವಿಮ್‌ನ ಸೆಟ್ಟಿಂಗ್ಸ್ ಫೈಲ್ ವಿಮ್‌ಆರ್‌ಸಿಯಲ್ಲಿ ‘ಸೆಟ್ ನೋಕಂಪ್ಯಾಟಿಬಲ್’ ಬರೆದೆ, ಸರಿಹೋಯ್ತು.

1976ರಲ್ಲಿ ವಿಐ ಬರೆದ ಬಿಲ್ ಜಾಯ್ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣಕ್ಕೆ ಬೇರೆ ಕೀಗಳೇ ಇರಲಿಲ್ಲ. ಎಚ್, ಜೆ, ಕೆ, ಎಲ್ ಮೇಲೆಯೇ ಬಾಣದ ಗುರುತು. ವಿಐ, ವಿಮ್‌ನಲ್ಲಿ ಕರ್ಸರ್ ಸರಿಸೋದೂ ಅವೇ ಕೀಗಳಿಂದ. ಆ ಕೀಬೋರ್ಡನ್ನು ಕಣ್ಣಾರೆ ಕಾಣದ ನನ್ನ ಬೆರಳುಗಳೂ ಇವತ್ತು ಅದೇ ನಾಲ್ಕು ಅಕ್ಷರಗಳ ಮೇಲೆ ಓಡಾಡುತ್ತಿವೆ.